ಕೇಂಡ್ಕಂಡ್ ಬಪ್ಪ ಗುರಿಕಾರ

ಸುಕ್ರ ಗುರಿಕಾರನ ಬಾಯಿಂದ ಕೇಳಿದ ಕೂಡಲೇ ‘ಹೂಂ’ ಬಂದದ್ದನ್ನು ವಂಡ್ಸೆಯ ಸುತ್ತಮುತ್ತ ಯಾರೂ ಕೇಳಿದವರಿಲ್ಲ. ‘ಉಹೂಂ’ ಬಂದದ್ದನ್ನೂ ಕೇಳಿದವರಿಲ್ಲ.

“ಸುಕ್ರಾ, ನಾಳೆ ಮಾಡ್ ಹೊದ್ಸುಕೆ ನಾಕ್ ಜನ ಬತ್ರಾ?”

“ಕೇಂಡ್ಕಂಡ್ ಬತ್ತೆ ಒಡೇರೆ.”

ತನ್ನವರನ್ನು ಕೇಳಿಕೊಂಡು ಬರುತ್ತೇನೆ ಎಂದು ಹೀಗೆ ಹೇಳಿ ಗುಡ್ಡೆ ಹತ್ತಿದರೆ ಎರಡು ದಿನ ಪತ್ತೆಯಿಲ್ಲ. ಮೂರನೆಯ ದಿನ ಬಂದು ಉತ್ತರ ಕೊಡುತ್ತಿದ್ದ. ಅಷ್ಟರಲ್ಲಿ ನಮ್ಮ ಮನೆಯ ಮಾಡಿಗೆ ಬೇರೆ ಯಾರೋ ಹುಲ್ಲು ಹೊದೆಸಿ ಆಗಿರುತ್ತಿತ್ತು. ಚುನಾವಣೆಗೆ ಓಟು ಕೇಳಲು ಬಂದವರಿಗೂ ಅದೇ ಉತ್ತರ. “ಬೆಲ್ಲ ನೀರ್ ಕುಡೀತ್ಯಾ?” ಎಂದರೆ ಮಾತ್ರ ಯಾರನ್ನೂ ಕೇಳದೆ ಎರಡು ತಂಬಿಗೆ ಖಾಲಿ ಮಾಡುತ್ತಿದ್ದ ಪುಣ್ಯಾತ್ಮ!

ಮೂರುಕಲ್ಲು ಗುಡ್ಡೆಯ ಮೇಲಿದ್ದ ಕುಡುಬಿಯರ ಕೂಡುಕಟ್ಟಿಗೆ, ಎಂದರೆ ಒಟ್ಟಾಗಿ ಬಾಳುವ ಮನೆಗಳ ಗುಂಪಿಗೆ, ಅವನು ಹಿರಿಯ, ಗುರಿಕಾರ. ಕುಳ್ಳ, ಬರಿಮೈ, ನೆತ್ತಿಯ ಮೇಲೊಂದು ಜುಟ್ಟು. ಸೊಂಟದ ಹಿಂದಿನ ಮರದ ಕೊಕ್ಕೆಯಲ್ಲಿ ಕತ್ತಿ ಟಕಟಕ ಎನ್ನುತ್ತಿದ್ದುದರಿಂದ ಅವನು ಬರುವುದು ಆಳೆತ್ತರದ ಗದ್ದೆಯಂಚಿನಾಚೆ ಇರುವಾಗಲೇ ನಮಗೆ ತಿಳಿಯುತ್ತಿತ್ತು. ಮನೆಯಲ್ಲಿ ಅವರದೇ ಕೊಂಕಣಿ, ನಮ್ಮೊಡನೆ ನಮ್ಮ ಕನ್ನಡ. ಕಾಗದದಲ್ಲಿ ಆ ಗುಡ್ಡೆ ನಮ್ಮ ಮನೆಯ ಹೆಸರಿನಲ್ಲಿತ್ತು. ಆದರೆ ಅವರು ನಮ್ಮ ಅಜ್ಜಿಯ ಅಜ್ಜಿ ಹುಟ್ಟುವ ಮೊದಲಿನಿಂದ ಅಲ್ಲಿ ರಾಗಿ ಚೆಲ್ಲಿ, ಗೆಣಸು ಅಗೆದು, ಜೇನು ಇಳಿಸಿ ಬದುಕಿದವರು. ಅವರ ಸತ್ತವರೂ ಅಲ್ಲೇ ಮಣ್ಣಾದವರು.

ಅವನು ‘ಕೇಳುವುದನ್ನು’ ನಾನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಅಮ್ಮನ ಕೆಮ್ಮಿಗೆ ಜೇನು ತರಲೆಂದು ಹೋದಾಗ ಎಲ್ಲರೂ ಅವನ ಅಂಗಳದಲ್ಲಿ ಸೇರಿದ್ದರು. ಸುಕ್ರ ಒಬ್ಬೊಬ್ಬರ ಮುಂದೆಯೂ ಕುಕ್ಕರುಗಾಲಿನಲ್ಲಿ ಕೂತು ಕೇಳುತ್ತಿದ್ದ, ಉತ್ತರ ಬರುವ ತನಕ ಏಳುತ್ತಿರಲಿಲ್ಲ. ಕಣ್ಣು ಹೋದ ಒಂದು ಮುದುಕಿಯ ಕಿವಿಗೆ ಬಾಯಿಟ್ಟು ಕೂಗಿ ಕೇಳಿದ. ಅವಳು ಅವನಿಗೆ ಚೆನ್ನಾಗಿ ಬೈದಳು. ಅದನ್ನೂ ಪೂರ್ತಿ ಕೇಳಿಸಿಕೊಂಡು ಮುಂದಿನವರ ಹತ್ತಿರ ಹೋದ. “ಎಲ್ಲರನ್ನೂ ಎಂತಕೆ ಕೇಣುದ್ ಮರಾಯಾ, ಗುರಿಕಾರ ನೀನಲ್ದಾ?” ಎಂದು ನಾನು ಕೇಳಿದರೆ, “ಬಾಯ್ ನನ್ದ್ ಅಮ್ಮಾ, ಮಾತ್ ಎಲ್ಲರ್ದ್” ಎಂದ. ಮನೆಗೆ ಬಂದು ಹೇಳಿದಾಗ ನನ್ನ ಮಾವ ಹೊಟ್ಟೆ ಹಿಡಿದು ನಕ್ಕರು. ಕುರಿ ಕಾಯುವವ ಕುರಿಗಳ ಅಪ್ಪಣೆ ಕೇಳಿದ ಹಾಗಾಯಿತು ಎಂದರು.

ಮಾವ ಎಂದರೆ ಅಮ್ಮನ ಅಣ್ಣ, ನಮ್ಮ ಮನೆಯ ಯಜಮಾನ. ಅಳಿಯಕಟ್ಟಿನ ಮನೆ ನಮ್ಮದು. ಮನೆ ಹೆಣ್ಣಿನದು, ಮಾತು ಮಾವನದು! ಅವರು ಒಂದು ಸಲ ಸುಕ್ರನಿಗೆ ಹೊಸ ಕೊಡೆ ಕೊಟ್ಟರು. ಸುಮ್ಮನೆ ಕೊಡುವ ಕೈಯಲ್ಲ ಅದು. ಮರುದಿನ ಧೋ ಎಂದು ಸುರಿಯುವ ಮಳೆಯಲ್ಲಿ ಸುಕ್ರ ಬಂದ. ಕೊಡೆ ಮಡಚಿ ಕಂಕುಳಲ್ಲಿತ್ತು, ಮೈಯೆಲ್ಲ ತೊಯ್ದು ತೊಪ್ಪೆ.

“ಬ್ಯಾಡ ಅಂದ್ರ್ ಒಡೇರೆ. ಒಬ್ಬಂಗ್ ಕೊಡಿ ಬಂದ್ರೆ ಉಳ್ದವ್ರ್ ಮಳಿ ಯಾರ್ ತಡಿತ್ರ್ ಅಂದ್ಳ್ ಆ ಮುದ್ಕಿ.”

ನಾನೂ ಅಮ್ಮನೂ ಅಡುಗೆಮನೆಯಲ್ಲಿ ಬಿದ್ದು ಬಿದ್ದು ನಕ್ಕೆವು. ಮಾವ ನಗಲಿಲ್ಲ.

ಆ ಕೊಡೆಯ ಹಿಂದೆ ಇದ್ದದ್ದು ಒಂದು ಗೇರು ಕಂಪೆನಿ. ನಾವು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದ ಕಾಲ. ಬೋಳು ಗುಡ್ಡೆ ಕಂಡಲ್ಲೆಲ್ಲ ಗೇರು ನೆಡುವ ಹುಚ್ಚು. ಮೂರುಕಲ್ಲು ಗುಡ್ಡೆಯನ್ನು ಕಂಪೆನಿಗೆ ಗೇಣಿಗೆ ಕೊಡಲು ಮಾವ ಒಳಗೊಳಗೇ ಒಪ್ಪಿಯಾಗಿತ್ತು. ಸುಕ್ರನನ್ನು ಚಾವಡಿಗೆ ಕರೆಸಿ, ಗುಡ್ಡೆ ಬಿಟ್ಟು ಇಳಿಯಿರಿ, ಎಲ್ಲರಿಗೂ ಕೂಲಿ ಕೆಲಸ ಉಂಟು ಎಂದರು. ಕೇಂಡ್ಕಂಡ್ ಬತ್ತೆ ಎಂದು ಹೋದವನು ಈ ಸಲ ಒಂದು ವಾರ ಬರಲಿಲ್ಲ.

“ಆತಿಲ್ಲ ಒಡೇರೆ,” ಎಂದ ಬಂದವನೇ. “ಒಂದ್ ಮನಿ ಒಲಿ ಬ್ಯಾಡ ಅಂದ್ರೂ ನಮ್ಮಲ್ ಬ್ಯಾಡವೇ. ಈಗ ಒಂದ್ ಒಲಿಯೂ ಹೂಂ ಅನ್ಲಿಲ್ಲ.”

“ಹೆಂಗ್ಸ್ರನ್ನೂ ಕೇಂಡ್ಯಾ?” ಮಾವ ಹಲ್ಲು ಕಡಿದರು.

“ಗೆಣ್ಸ್ ಅಗೆವುದ್ ಅವ್ರೇ ಅಲ್ದಾ?”

ಅದೇ ಸಂಜೆ ಕಂಪೆನಿಯವನು ಬಂದ. ನಾನು ಕಾಫಿ ಲೋಟ ಇಡುತ್ತಿರುವಾಗಲೇ ಹೇಳಿದ: “ಗಲಾಟೆ ಇರುವ ಜಾಗ ನಮಗೆ ಬೇಡ. ಅವರಾಗಿ ಒಪ್ಪಿ ಇಳಿದರೆ ಸರಿ. ಇಲ್ಲವಾದರೆ ಬೈಂದೂರಿನ ಕಡೆ ಇನ್ನೊಂದು ಗುಡ್ಡ ನೋಡಿಟ್ಟಿದ್ದೇವೆ, ಅಲ್ಲಿಗೆ ಹೋಗುತ್ತೇವೆ.” ಸದ್ಯ, ಅಲ್ಲಿಗೆ ಮುಗಿಯಿತು ಎಂದುಕೊಂಡೆ ನಾನು. “ಹೋಳಿ ಒಂದ್ ಕಳಿಲಿ,” ಎಂದರು ಮಾವ. ಹೋಳಿಗೂ ಗೇರಿಗೂ ಎಂತ ಸಂಬಂಧ ಎಂದು ನನಗೆ ಹೊಳೆಯಲೇ ಇಲ್ಲ.

ಹೋಳಿಗೆ ಕುಡುಬಿಯರು ಗುಮಟೆ ಬಾರಿಸಿಕೊಂಡು ಮನೆಮನೆಗೆ ಕುಣಿಯಲು ಬರುತ್ತಾರೆ. ಮುಂಡಾಸಿನ ತುಂಬ ಅಬ್ಬಲಿಗೆ ಹೂ ಮುಡಿದ ಗಂಡಸರು ಅಂಗಳದಲ್ಲಿ ಸುತ್ತು ಬಂದರೆ ನೋಡಲು ಎರಡು ಕಣ್ಣು ಸಾಲದು. ಸುಕ್ರನ ಕೂಡುಕಟ್ಟಿನಲ್ಲಿ ಒಂದು ಕಟ್ಟಳೆಯಿತ್ತು. ವ್ರತ ಹಿಡಿದ ಆ ದಿನಗಳಲ್ಲಿ ಮನೆಯವರು ಹರಿವಾಣದಲ್ಲಿ ಏನು ಕೊಟ್ಟರೂ, ಏನು ಹೇಳಿ ಕೊಟ್ಟರೂ, ಗುರಿಕಾರ ಕೈಯೊಡ್ಡಿ ತೆಗೆದುಕೊಳ್ಳಬೇಕು. ಬೇಡ ಎಂದರೆ ದೇವರಿಗೆ ಬೇಡ ಎಂದ ಹಾಗೆ, ಗುಡ್ಡೆಯ ಮಕ್ಕಳ ಮೇಲೆ ಮಾರಿ ಬರುತ್ತದೆ ಎಂದು ಅವರು ನಂಬಿದ್ದರು. ತೆಗೆದುಕೊಂಡರೆ, ಹರಿವಾಣದ ಮೇಲೆ ಆಡಿದ ಮಾತು ಇಡೀ ಕೂಡುಕಟ್ಟಿಗೆ ಕಟ್ಟು. ಎಷ್ಟೋ ತಲೆಮಾರಿನಿಂದ ಜನ ಹರಿವಾಣದ ಮೇಲೆ ‘ಚೆನ್ನಾಗಿರಿ’ ಎಂಬುದರ ಹೊರತು ಬೇರೆ ಮಾತು ಆಡಿದ್ದೇ ಇಲ್ಲ.

ಆ ವರ್ಷ ಮಧ್ಯಾಹ್ನದ ಹೊತ್ತಿಗೆ ನಮ್ಮ ಅಂಗಳಕ್ಕೆ ಬಂದು ಕುಣಿದರು. ಚಾವಡಿಯ ಮೇಲೆ ಪಟೇಲರನ್ನೂ ಶಾನುಭೋಗರನ್ನೂ ಮಾವ ಮೊದಲೇ ಕರೆಸಿ ಕೂರಿಸಿದ್ದರು. ಕುಣಿತ ಮುಗಿಯಿತು. ಅಕ್ಕಿ, ಕಾಯಿ, ವೀಳ್ಯ ಇಟ್ಟ ಹರಿವಾಣ ಹಿಡಿದು ಮಾವ ಅಂಗಳಕ್ಕಿಳಿದರು. ಊರಿಗೆಲ್ಲ ಕೇಳುವ ಹಾಗೆ ಹೇಳಿದರು:

“ಮೂರ್ಕಲ್ ಗುಡ್ಡಿ ಬಿಟ್ಟ್ ಕೊಟ್ಟದ್ದಕ್ಕೆ ಈ ವೀಳ್ಯ. ತಕೋ ಸುಕ್ರಾ.”

ಗುಮಟೆಗಳು ಗಪ್ಪೆಂದು ನಿಂತವು. ಸುಕ್ರ ಬೆವರುತ್ತಿದ್ದ. “ಒಡೇರೆ, ಈ ಮಾತ್ ಇವತ್ತ್ ಬ್ಯಾಡ. ಹಬ್ಬ ಕಳ್ದ್ ಕೇಣಿ. ಕೇಂಡ್ಕಂಡ್ ಬತ್ತೆ,” ಎಂದ.

“ಬ್ಯಾಡಾರೆ ಬ್ಯಾಡ ಅನ್. ಹರ್ವಾಣ ಒಳ್ಗ್ ಕೊಂಡ್ ಹೋತೆ. ಆಮೇಲೆ ನಿಮ್ಮ್ ಮಕ್ಕಳಿಗ್ ಎಂತಾರೂ ಆರೆ ನನ್ನ್ ಹೇಳ್ಬೇಡಿ.”

ಪಕ್ಕದ ಗ್ರಾಮದಲ್ಲಿ ಆಗ ಸಿಡುಬು ಎದ್ದಿತ್ತು. ಗುಡ್ಡೆಯಲ್ಲೂ ಒಂದು ಕೂಸಿಗೆ ಜ್ವರ. ಮಾವನಿಗೆ ಅದೂ ಗೊತ್ತಿತ್ತು. ಸುಕ್ರ ಹಿಂದೆ ತಿರುಗಿ ತನ್ನವರ ಮುಖ ನೋಡಿದ. ತಗೋ ಎನ್ನುವ ಮುಖಗಳೂ ಇದ್ದವು, ಬೇಡ ಎನ್ನುವ ಮುಖಗಳೂ ಇದ್ದವು. ಹೆಂಗಸರೆಲ್ಲ ಗುಡ್ಡೆಯ ಮೇಲೆ, ಕೇಳುವುದು ಯಾರನ್ನು? ನನಗೆ ತಡೆಯಲಾಗಲಿಲ್ಲ. “ಮಾವಾ, ಇದ್ ಅನ್ಯಾಯ!” ಎಂದು ಬಾಗಿಲಿನಿಂದ ಕಿರುಚಿದೆ. “ನೀ ಒಳ್ಗ್ ಹೋಗ್ ಹೆಣ್ಣೇ,” ಎಂದರು, ತಿರುಗಿಯೂ ನೋಡದೆ. ನಾನು ಮತ್ತೆ ಅಂಗಳ ನೋಡುವಷ್ಟರಲ್ಲಿ ಸುಕ್ರ ಎರಡೂ ಕೈ ಒಡ್ಡಿದ್ದ.

ಯುಗಾದಿಯೊಳಗೆ ಗುಡ್ಡೆ ಖಾಲಿ. ಯಾರೂ ಅವರನ್ನು ಎಬ್ಬಿಸಲಿಲ್ಲ. ಮಾತು ಕಟ್ಟಿತ್ತು, ತಾವಾಗಿಯೇ ಮಡಕೆ ಚಾಪೆ ಹೊತ್ತು ಇಳಿದರು. ಬ್ರಹ್ಮಾವರದ ಒಂದು ಮದುವೆಯಲ್ಲಿ ಮಾವ ಊಟದ ಪಂಕ್ತಿಯಲ್ಲೇ ಕೊಚ್ಚಿಕೊಂಡರು: “ಒಬ್ಬ ಪೊಲೀಸ್ ಬೇಕಾಗ್ಲಿಲ್ಲ ಕಾಣಿ. ಒಂದ್ ಕಾಯಿ, ಎರಡ್ ಸೇರ್ ಅಕ್ಕಿ!” ಜನ ನಕ್ಕರು. ಮಾವ ಸತ್ತು ಎಷ್ಟೋ ಕಾಲವಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಹೇಳಬಾರದಂತೆ. ನಾನು ಹೇಳುತ್ತೇನೆ: ನೀಚ ಕೆಲಸ ಮಾಡಿದರು.

ಗುಡ್ಡೆಯಿಂದ ಇಳಿದವರು ಗುಲ್ವಾಡಿಯ ಹತ್ತಿರ ಹೊಳೆದಂಡೆಯಲ್ಲಿ ಗುಡಿಸಲು ಹಾಕಿದರು. ಮಳೆಗಾಲದಲ್ಲಿ ಹೊಳೆ ನೀರು ಒಳಗೇ ಬಂತು. ಅದರ ಹಿಂದೆ ವಾಂತಿಭೇದಿ. ಯಾವ ಮಕ್ಕಳಿಗಾಗಿ ಸುಕ್ರ ಕೈಯೊಡ್ಡಿದ್ದನೋ ಆ ಮಕ್ಕಳೇ ಒಂದೊಂದಾಗಿ ಹೋದವು. ಅವನ ಮಗನ ಒಂದೇ ಒಂದು ಗಂಡುಕೂಸೂ ಹೋಯಿತು.

ಮಳೆ ಇಳಿಯುವ ಸೋಣೆ ತಿಂಗಳಲ್ಲಿ ನಾನು ಸ್ವಲ್ಪ ಅಕ್ಕಿ ಹೊರಿಸಿಕೊಂಡು ಅಲ್ಲಿಗೆ ಹೋದೆ. ಸುಕ್ರ ಚಾಪೆಯ ಮೇಲಿದ್ದ. ಎಲುಬು ಎಣಿಸಬಹುದಿತ್ತು. ಮಾವನಿಗೆ ಶಾಪ ಹಾಕಲು ನಾನು ಬಾಯಿ ತೆರೆದರೆ ಅವನೇ ತಡೆದ. “ಮೋಸ ಮಾಡಿದ್ ಅವ್ರ್ ಅಮ್ಮಾ. ಆರೆ ಕೈ ಒಡ್ಡಿದ್ ನಾನ್,” ಎಂದ. ಆಮೇಲೆ ಕೇಳಿದ:

“ನಾನ್ ಅವತ್ತ್ ಹರ್ವಾಣ ಮುಟ್ದೇ ಇದ್ದಿರೆ ಗುಡ್ಡಿ ಉಳಿತಿತ್ತಾ ಅಮ್ಮಾ?”

ಉಳಿಯುತ್ತಿತ್ತು. ಕಂಪೆನಿಯವನ ಮಾತು ನನ್ನ ಕಿವಿಯಲ್ಲೇ ಇತ್ತು.

“ಇಲ್ಲ ಸುಕ್ರಾ. ಹ್ಯಾಂಗೂ ತಕಂತಿದ್ರ್. ಪೊಲೀಸ್ರನ್ ಕರ್ಸಿ ಇಳ್ಸ್ತಿದ್ರ್.”

“ದೇವ್ರಾಣಿ?”

“ದೇವ್ರಾಣಿ.”

ಸುಳ್ಳು ಆಣೆ ಹಾಕಿದ್ದಕ್ಕೆ ನನಗೆ ಇವತ್ತಿಗೂ ಕಿಂಚಿತ್ತೂ ಬೇಸರವಿಲ್ಲ. ಅವನ ಮುಖ ಸ್ವಲ್ಪ ಸಡಿಲವಾಯಿತು. “ಹಾಂಗಾರೆ ಇದ್ನ್ ರುಕ್ಮಿಗ್ ಒಂದ್ ಹೇಳಿ ಅಮ್ಮಾ,” ಎಂದ. ರುಕ್ಮಿ ಅವನ ಸೊಸೆ, ಸತ್ತ ಕೂಸಿನ ತಾಯಿ. “ಮಗು ಹೋದ್ ಮೇಲೆ ಅದ್ ನನ್ ಹತ್ರ ಮಾತಾಡುದಿಲ್ಲ. ಗಂಜಿ ಇಡತ್ತ್, ಹೋತ್ತ್. ನನ್ ಮೇಲ್ ಸಿಟ್ಟ್.”

ರುಕ್ಮಿ ಹೊಳೆಬದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಪಕ್ಕದಲ್ಲಿ ಕೂತು ಅದೇ ಸುಳ್ಳನ್ನು ಮತ್ತೆ ಶುರು ಮಾಡಿದೆ. ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ಅಮ್ಮಾ, ನಾನ್ ದಿನಾ ಆ ಕಂಪ್ನಿಗೇ ಗುಂಡಿ ತೆಗುಕ್ ಹೋಪುದ್. ನಾವ್ ಬ್ಯಾಡ ಅಂದಿದ್ರೆ ಬೈಂದೂರಿಗ್ ಹೋತಿದ್ರಂಬ್ರ್. ಮೇಸ್ತ್ರಿ ನೆಗಾಡ್ಕಂಡ್ ಹೇಳ್ದ.”

ಅವಳು ಗುಡಿಸಲಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ನಮ್ಮ್ ಮಾವಯ್ಯಂಗ್ ಗೊತ್ತಿಲ್ಲ. ಗೊತ್ತಾಪುದ್ ಬ್ಯಾಡ. ನಂಗ್ ಸಿಟ್ಟೆಂತದೂ ಇಲ್ಲ ಅಮ್ಮಾ. ಬಾಯ್ ಬಿಟ್ರೆ ಎಲ್ಲಿ ಅದೇ ಮಾತ್ ಬಂದ್ ಹೋತ್ತೋ ಅಂದೇಳಿ ಮಾತಾಡುದಿಲ್ಲ.”

ಸಿಟ್ಟಿಲ್ಲ ಎಂದರೆ ಮತ್ತೆ ಮಾತಾಡದಿರುವುದೇಕೆ ಎಂದು ಸುಕ್ರ ಕೇಳಿಯಾನು ಎಂದು ನಾನೂ ಅವನಿಗೆ ಅದನ್ನು ಹೇಳದೆ ಬಂದೆ. ಆ ತಿಂಗಳು ಮುಗಿಯುವುದರೊಳಗೆ ಸುಕ್ರ ಗುರಿಕಾರ ತೀರಿಕೊಂಡ. ಸೊಸೆ ಕೊನೆಯ ದಿನದವರೆಗೂ ಅವನಿಗೆ ಗಂಜಿ ಕುಡಿಸಿದಳಂತೆ, ಮೈ ಒರೆಸಿದಳಂತೆ, ಒಂದು ಮಾತೂ ಆಡಲಿಲ್ಲವಂತೆ. ತನ್ನ ಮೇಲಿನ ಸಿಟ್ಟು ಅವಳಿಗೆ ಇಳಿಯಲೇ ಇಲ್ಲ ಎಂದುಕೊಂಡೇ ಅವನು ಸತ್ತ.