ಡಿ ಡ್ರೈವ್ ತೆರೆದಿಟ್ಟ ಭಾನುವಾರ

ನನ್ನದೂ ಹೆಂಡತಿಯದೂ ಸರ್ಕಾರಿ ಹೈಸ್ಕೂಲಿನಲ್ಲಿ ಪಾಠ ಹೇಳುವ ಕೆಲಸ. ನನ್ನ ಸ್ಕೂಲು ಕುಣಿಗಲ್‌ನಲ್ಲಿ, ಅವಳದು ಗುಬ್ಬಿ ದಾಟಿ ಒಂದು ಹಳ್ಳಿಯಲ್ಲಿ. ಯಾರಿಗೂ ಅನ್ಯಾಯವಾಗದಿರಲಿ ಎಂದು ಎರಡಕ್ಕೂ ನಡುವಿನ ತುಮಕೂರಿನಲ್ಲಿ ಮನೆ ಮಾಡಿದೆವು, ಇಬ್ಬರಿಗೂ ಅನ್ಯಾಯವಾಯಿತು. ಬೆಳಿಗ್ಗೆ ಅವಳೊಂದು ದಿಕ್ಕು, ನಾನೊಂದು ದಿಕ್ಕು. ಸಂಜೆ ಮನೆ ಸೇರುವ ಹೊತ್ತಿಗೆ ಇಬ್ಬರಲ್ಲೂ ಮಾತಾಡುವ ತ್ರಾಣ ಉಳಿದಿರುತ್ತಿರಲಿಲ್ಲ.

ನನಗಾದರೂ ಹೆಬ್ಬೂರಿನ ಮೇಲೆ ಹೋಗುವ ಒಂದೇ ಬಸ್ಸು. ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಒಂದು ನಿದ್ದೆಯೂ ಆಗುತ್ತಿತ್ತು. ಅವಳು ಗುಬ್ಬಿಯಲ್ಲಿ ಬಸ್ಸು ಬದಲಾಯಿಸಬೇಕು, ಇಳಿದ ಮೇಲೆ ಒಂದು ಮೈಲಿ ನಡೆಯಬೇಕು. ಮಂಡಿ ನೋವು ಶುರುವಾಗಿ ನಾಲ್ಕು ವರ್ಷವಾಗಿತ್ತು. ನಮ್ಮ ವರ್ಗಾವಣೆಯಲ್ಲಿ ಪತಿ-ಪತ್ನಿ ಪ್ರಕರಣ ಎಂದೊಂದು ದಾರಿಯಿದೆ. ಇಬ್ಬರಲ್ಲಿ ಒಬ್ಬರು ಅರ್ಜಿ ಹಾಕಿ ಇನ್ನೊಬ್ಬರಿರುವ ತಾಲ್ಲೂಕು ಕೇಳಬಹುದು. ನಾನು ಹಾಕುವುದೆಂದು ಮಾತಾಗಿತ್ತು. ನಾನು ಗುಬ್ಬಿಗೆ ಬಂದರೆ ಮನೆಯನ್ನೂ ಅಲ್ಲಿಗೇ ಸಾಗಿಸಿ, ದಿನಾ ಅವಳನ್ನು ಗಾಡಿಯಲ್ಲಿ ಸ್ಕೂಲಿನ ಬಾಗಿಲಿಗೇ ಬಿಟ್ಟು ಬರಬಹುದಿತ್ತು. ಪ್ರತಿ ವರ್ಷ "ಹಾಕಿದೀನಿ ಕಣೇ, ನೋಡೋಣ" ಅನ್ನುತ್ತಿದ್ದೆ. ಆಮೇಲೊಂದು ದಿನ "ಸೀನಿಯಾರಿಟಿ ಬರ್ಲಿಲ್ಲ" ಅನ್ನುತ್ತಿದ್ದೆ. ಅವಳು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ "ಮುಂದಿನ್ ಸಲ ಆಗತ್ತೆ ಬಿಡಿ" ಅನ್ನುತ್ತಿದ್ದಳು.

ಮನೆಯಲ್ಲಿ ಹಾಲ್‌ನಲ್ಲಿ ನನ್ನ ಹಳೇ ಡೆಸ್ಕ್‌ಟಾಪ್, ಒಳರೂಮಿನಲ್ಲಿ ಅವಳ ಲ್ಯಾಪ್‌ಟಾಪ್. ಇಂಟರ್‌ನೆಟ್ ವೈರು ಬಂದು ಸೇರಿದ್ದು ನನ್ನದಕ್ಕೆ ಮಾತ್ರ. ಮಕ್ಕಳ ಅಂಕ, ಹಾಜರಿ ಎಲ್ಲವನ್ನೂ ಈಗ ಆನ್‌ಲೈನ್‌ನಲ್ಲೇ ತುಂಬಬೇಕು. ಅವಳು ಪೆನ್‌ಡ್ರೈವ್ ಹಿಡಿದು ಹಾಲ್‌ಗೂ ರೂಮಿಗೂ ಓಡಾಡುತ್ತಿದ್ದಳು. ಒಂದು ಸಲ ಆ ಪೆನ್‌ಡ್ರೈವ್ ಶಿರಾ ಗೇಟ್‌ನ ಜೆರಾಕ್ಸ್ ಅಂಗಡಿಗೆ ಹೋಗಿ ವೈರಸ್ ಅಂಟಿಸಿಕೊಂಡು ಬಂದು, ಅವಳು ಕಷ್ಟಪಟ್ಟು ಟೈಪ್ ಮಾಡಿದ್ದ ಪ್ರಶ್ನೆಪತ್ರಿಕೆಗಳನ್ನೆಲ್ಲ ನುಂಗಿ ಹಾಕಿತು.

"ಒಂದ್ ವೈರ್ ಎಳ್ದು ಎರಡನ್ನೂ ಸೇರ್ಸಕ್ಕಾಗಲ್ವೇನ್ರೀ? ಹೊರಗೂ ನಡೀಬೇಕು, ಮನೇಲೂ ನಡೀಬೇಕು. ಸಾಕಾಗೋಗಿದೆ" ಅಂದಳು.

ಮುಂದಿನ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತೆ. ಎರಡೂ ತುದಿಗೆ ಜ್ಯಾಕ್ ಹಾಕಿಸಿ ತಂದಿದ್ದ ನೆಟ್‌ವರ್ಕ್ ವೈರನ್ನು ಬಾಗಿಲ ಚೌಕಟ್ಟಿನ ಮೇಲೆ ಹಾಯಿಸಿದೆ. ಮೊಬೈಲ್‌ನಲ್ಲಿ ವಿಡಿಯೊ ನೋಡಿಕೊಂಡು ಒಂದನ್ನೊಂದು ಗುರುತು ಹಿಡಿಯಲೆಂದು ಎರಡು ಕಂಪ್ಯೂಟರಿಗೂ ಒಂದೊಂದು ನಂಬರ್ ಕೊಟ್ಟೆ. ಮೂರನೇ ಸಲಕ್ಕೆ ಅವಳ ಲ್ಯಾಪ್‌ಟಾಪ್‌ಗೂ ಇಂಟರ್‌ನೆಟ್ ಹರಿಯಿತು. ಆದರೆ ಫೈಲು ಹಂಚಿಕೊಳ್ಳುವ ಕೆಲಸ ಮಾತ್ರ ಜೀವ ತಿಂದಿತು. ನಾನು ಶೇರ್ ಮಾಡಿದ ಫೋಲ್ಡರ್ ಅವಳಿಗೆ ಕಾಣುತ್ತಿತ್ತು, ತೆರೆಯಲು ಹೋದರೆ ನಿಮಗೆ ಅನುಮತಿ ಇಲ್ಲ ಎನ್ನುತ್ತಿತ್ತು. ಪಾಸ್‌ವರ್ಡ್ ತೆಗೆದೆ, ಎರಡನ್ನೂ ಆಫ್ ಮಾಡಿ ಆನ್ ಮಾಡಿದೆ. ವಾರಕ್ಕೊಂದು ರಜೆ, ಅದೂ ಹೀಗೆ ಮಣ್ಣುಪಾಲಾಯಿತಲ್ಲ ಎಂದು ತಲೆ ಕೆಟ್ಟು, ಕೊನೆಗೆ ಫೋಲ್ಡರಿನ ಸಹವಾಸವೇ ಬೇಡವೆಂದು ಇಡೀ ಡಿ ಡ್ರೈವನ್ನೇ ಶೇರ್ ಮಾಡಿಬಿಟ್ಟೆ. ಅದರಲ್ಲಿ ಏನೇನಿದೆ ಎಂಬುದು ಆ ಹೊತ್ತಿಗೆ ನನ್ನ ನೆನಪಿನಲ್ಲೇ ಇರಲಿಲ್ಲ.

"ಈಗ್ ನೋಡು" ಎಂದು ಕೂಗಿದೆ.

"ಬಂತು, ಎಲ್ಲಾ ಬಂತು" ಅಂದಳು. ನಾನು ಹಾಗೇ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ "ರೀ, ಇಲ್ಲಿ ಬನ್ನಿ" ಅಂದಳು.

ಅವಳ ಮುಂದೆ ವರ್ಗಾವಣೆ ಎಂಬ ಹೆಸರಿನ ಫೋಲ್ಡರ್ ತೆರೆದಿತ್ತು. ಹಿಂದಿನ ಮೂರು ವರ್ಷದ ಮೂರು ಅರ್ಜಿ. ನನ್ನ ಹೆಸರು, ಅವಳ ಹೆಸರು, ಕೇಳಿದ ತಾಲ್ಲೂಕು ಗುಬ್ಬಿ, ಎಲ್ಲ ಅಚ್ಚುಕಟ್ಟಾಗಿ ತುಂಬಿತ್ತು. ಮೂರರ ಮೇಲೂ ಅಡ್ಡಲಾಗಿ ಕರಡು ಎಂದು ಬಿದ್ದಿತ್ತು. ಕಳಿಸಿದ ಅರ್ಜಿಗೆ ಒಂದು ನಂಬರು ಬರುತ್ತದೆ, ಇವಕ್ಕೆ ಬಂದಿರಲಿಲ್ಲ.

"ಮೂರು ವರ್ಷನೂ ತುಂಬಿದೀರ. ಒಂದ್ ವರ್ಷನೂ ಕಳ್ಸಿಲ್ಲ" ಅಂದಳು.

ಇನ್ನೊಂದು ಸುಳ್ಳು ಹೊಂದಿಸಲು ನನಗೆ ಶಕ್ತಿ ಇರಲಿಲ್ಲ. "ಕೊನೇ ಬಟನ್ ಹತ್ರ ಬಂದಾಗ ಕೈ ಬರ್ತಿರ್ಲಿಲ್ಲ. ಕುಣಿಗಲ್ ಸ್ಕೂಲ್ ಬಿಡಕ್ಕೆ ಮನಸ್ಸಾಗ್ಲಿಲ್ಲ" ಅಂದೆ. ನಿಜ ಹೇಳಬೇಕೆಂದರೆ ಸ್ಕೂಲಷ್ಟೇ ಅಲ್ಲ. ಬಸ್ಸಿನ ಆ ಒಂದು ಗಂಟೆಯಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಆ ನೆಮ್ಮದಿಗಾಗಿ ನಾನು ಅವಳ ಮಂಡಿಯನ್ನು ಸವೆಸಿದ್ದೆ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವಳು ದನಿಯನ್ನೂ ಏರಿಸಲಿಲ್ಲ. "ಅಷ್ಟ್ ಹೇಳಿದ್ರೆ ಸಾಕಿತ್ತಲ್ರೀ. ನಾನೇ ಕುಣಿಗಲ್‌ಗೆ ಹಾಕ್ತಿದ್ದೆ. ನೀವ್ ಹಾಕಿದೀರ ಅಂತ ತಾನೇ ನಾನು ಸುಮ್ನಿದ್ದಿದ್ದು?"

ಅವಳು ಈ ಕಡೆ ಬರಬಹುದು ಎಂಬ ಯೋಚನೆ ನಾಲ್ಕು ವರ್ಷದಲ್ಲಿ ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ. ಅರ್ಜಿ ಹಾಕುವವನು ನಾನು, ಬಿಡುವವನೂ ನಾನು ಎಂದೇ ಮೆರೆಯುತ್ತಿದ್ದೆ.

"ಹಂಗಾದ್ರೆ ಈ ವರ್ಷ ನೀನೇ ಹಾಕು. ಇಲ್ಲೇ ಇಂಟರ್‌ನೆಟ್ ಬಂತಲ್ಲ, ಈಗ್ಲೇ ತುಂಬೋಣ" ಎಂದು ಸ್ಟೂಲ್ ಎಳೆದುಕೊಂಡು ಪಕ್ಕ ಕೂತೆ.

"ಲಾಸ್ಟ್ ಡೇಟ್ ಶುಕ್ರವಾರಕ್ಕೇ ಮುಗೀತು" ಅಂದಳು.

ಈ ವರ್ಷವೂ ಹಾಕಿದ್ದೇನೆ ಎಂದು ಅವಳಿಗೆ ಹೇಳಿ ಇನ್ನೂ ಹದಿನೈದು ದಿನ ಆಗಿರಲಿಲ್ಲ. ಈ ಸಲ ಕರಡನ್ನೂ ತುಂಬಿರಲಿಲ್ಲ, ಕೊನೆಯ ದಿನ ಯಾವುದೆಂದು ನಾನು ನೋಡಿಯೂ ಇರಲಿಲ್ಲ. ಅವಳು ಮಾತ್ರ ದಿನ ಲೆಕ್ಕ ಹಾಕುತ್ತಿದ್ದಳು.