ದಾನವ್ವ ಒಟ್ಟಿದ ಬಣವಿ

ದಾನವ್ವ ಒಟ್ಟಿದ ಬಣವಿಯೊಳಗೆ ಮಳೆ ಇಳಿಯುವುದಿಲ್ಲ, ಅವಳೊಳಗೆ ಇಳಿದ ಮಾತು ಹೊರಗೆ ಬರುವುದಿಲ್ಲ ಎಂದು ಸುಳ್ಳ ಊರಿನ ಓಣಿಯ ಮಂದಿ ಅನ್ನುತ್ತಿದ್ದರು. ಎರಡೂ ಖರೆ. ಜೋಳದ ಕಣಿಕೆಯ ಸಿವುಡುಗಳನ್ನು ಪೇರಿಸುವಾಗ ಆಕೆ ಬಣವಿಯ ನಡುವನ್ನು ಎತ್ತರ ಹಿಡಿಯುತ್ತಿದ್ದಳು. ಸಿವುಡಿನ ತುದಿ ಹೊರಗೆ ಬಾಗಿ ನೀರು ಜಾರಿಹೋಗಬೇಕು. ಬಣವಿಯ ಜೀವವೆಲ್ಲ ಅಷ್ಟರಲ್ಲೇ.

ಅವಳೊಳಗೆ ಇಳಿದದ್ದು ಮೈದುನ ಸಿದ್ದಲಿಂಗಪ್ಪನ ಮಾತು. ಗಂಡನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಅವನು ಹಿತ್ತಲಿಗೆ ಬಂದು ಎತ್ತು ಕೆಂದನ ಹಗ್ಗ ಬಿಚ್ಚಿ ತನ್ನ ಮನೆಗೆ ಹೊಡೆದುಕೊಂಡು ಹೋಗಿದ್ದ. ಕರುವಿದ್ದಾಗಲೇ ತಾಯಿ ಸತ್ತ ಅದಕ್ಕೆ ಗಂಜಿ ಕುಡಿಸಿ ಎತ್ತು ಮಾಡಿದವಳು ದಾನವ್ವ. ಮಕ್ಕಳಿಲ್ಲದ ಮನೆಯಲ್ಲಿ ಅದೇ ಮಗ.

"ಹೆಣ್ಣಾಳಿಗೆ ಎತ್ತು ಯಾತಕ್ಕ, ವೈನಿ?" ಎಂದು ನಕ್ಕಿದ್ದ.

ಅವಳು ಕೂಗಾಡಲಿಲ್ಲ. ತವರಿನಿಂದ ಅಣ್ಣ ಕರೆದರೂ ಕೆಂದನನ್ನು ಬಿಟ್ಟು ಹೋಗಲಿಲ್ಲ. ನಾಲ್ಕು ಬೇಸಿಗೆ ಮೈದುನನ ಬಣವಿಯನ್ನು ಅಚ್ಚುಕಟ್ಟಾಗಿ ಒಟ್ಟಿಕೊಟ್ಟಳು. ಕೂಲಿಗೆ ಸಿಕ್ಕ ಸಿವುಡು ಹೊತ್ತು ತಂದು ತನ್ನ ಹಿತ್ತಲಲ್ಲೂ ಸಣ್ಣದೊಂದು ಒಟ್ಟುತ್ತಿದ್ದಳು. ದನವಿಲ್ಲದವಳಿಗೆ ಮೇವೇಕೆಂದು ಕೇಳಿದವರಿಗೆ, ಮಳೆಗಾಲದಲ್ಲಿ ಮಾರಲಿಕ್ಕೆ ಎನ್ನುತ್ತಿದ್ದಳು, ಮಾರುತ್ತಲೂ ಇದ್ದಳು. ಅವಳು ಕಾಯುತ್ತಿದ್ದದ್ದು ಕೆಂದನಿಗೆ ಮುಪ್ಪು ಬರಲೆಂದು. ಗಳೆ ಎಳೆಯುವ ಎತ್ತನ್ನು ಸಿದ್ದಲಿಂಗಪ್ಪ ಬಿಡುವವನಲ್ಲ.

ಐದನೆಯ ವರ್ಷ ಕೆಂದ ಸಾಲಿನ ನಡುವೆಯೇ ಮಂಡಿಯೂರತೊಡಗಿದ. ಆ ಬೇಸಿಗೆಯಲ್ಲಿ ಸಿದ್ದಲಿಂಗಪ್ಪ ಕೆಳಗಿನಿಂದ ಸಿವುಡು ಎಸೆದ, ದಾನವ್ವ ಮೇಲೆ ನಿಂತು ಹಿಡಿದಳು. ಹೊರಸುತ್ತನ್ನು ಎಂದಿಗಿಂತ ಚಂದ ಕಟ್ಟಿದಳು. ನಡುವನ್ನು ಮಾತ್ರ ಮೊಣಕಾಲುದ್ದ ತಗ್ಗಿಸಿ, ಮೇಲೆ ಹೊಟ್ಟು ಹರಡಿ ಮುಚ್ಚಿದಳು. ಕೆಳಗೆ ನಿಂತವನಿಗೆ ನಡು ಕಾಣುವುದಿಲ್ಲ. ಮನೆಗೆ ಬಂದು ತನ್ನದನ್ನೂ ಹಾಗೇ ಒಟ್ಟಿದಳು.

ಶ್ರಾವಣದಲ್ಲಿ ಸಿದ್ದಲಿಂಗಪ್ಪ ಬಣವಿ ಬಿಚ್ಚಿದರೆ ಒಳಗೆಲ್ಲ ಹಬೆ, ಕರಿ ಬೂಷ್ಟು. ದನಗಳು ಮೂಸಿ ಮುಖ ತಿರುಗಿಸಿದವು. ಈ ಸಲ ಮಳೆ ಅತಿಯಾಯಿತೆಂದು ಮುಗಿಲನ್ನು ಬೈಯುತ್ತ ಊರೆಲ್ಲ ಮೇವು ಕೇಳಿದ, ಎಲ್ಲೂ ಹುಟ್ಟಲಿಲ್ಲ. ಕೊನೆಗೆ ದಾನವ್ವನ ಹಿತ್ತಲಿಗೆ ಬಂದ. ಬಣವಿಯ ಮಗ್ಗುಲಿನಿಂದ ಒಂದು ಸಿವುಡು ಎಳೆದು ಮೂಸಿದ. ಹೊಂಬಣ್ಣ, ಬಿಸಿಲಿನ ವಾಸನೆ. ಅವನ ಕೈ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

"ರೊಕ್ಕ ಎಷ್ಟ ಬೇಕ ಹೇಳ್ರಿ, ವೈನಿ."

"ರೊಕ್ಕ ಬ್ಯಾಡ. ಕೆಂದನ್ನ ಬಿಟ್ಟ ಕೊಡು."

"ಆ ಮುದಿ ಎತ್ತ? ಅದಕ್ಕ ಮೇವ ಹಾಕೂದ ದಂಡ."

"ಹೆಣ್ಣಾಳಿಗೆ ಅಂಥಾದ್ದ ಸಾಕು."

ತನ್ನ ಮಾತೇ ತಿರುಗಿ ಬಂದದ್ದು ಅವನಿಗೆ ತಿಳಿಯಲಿಲ್ಲ. ಬಣವಿ ಅವನದು, ಎತ್ತು ಅವಳದು ಎಂದು ನಾಲ್ಕು ಮಂದಿ ಹಿರಿಯರ ಮುಂದೆ ಮಾತಾಯಿತು.

ಮರುದಿನ ಬೆಳಿಗ್ಗೆ ದಾನವ್ವ ಒಲೆ ಆರಿಸಿ, ಬುತ್ತಿ ಕಟ್ಟಿಕೊಂಡು, ಕೆಂದನ ಹಗ್ಗ ಹಿಡಿದು ತವರಿನ ದಾರಿಗೆ ನಿಂತಳು. ನೆರೆಮನೆಯ ಹನುಮವ್ವ, ಮತ್ತೆ ಯಾವಾಗ ಬರುತ್ತೀ ಎಂದು ಕೇಳಿದಳು.

"ಬರೂದಿಲ್ಲ, ಯವ್ವಾ. ನಮ್ಮ ಮೈದುನ ನಡುವಿನ ತನಕಾ ಬಣವಿ ಬಿಚ್ಚಿದ ದಿನ ನನ್ನ ಹೆಸರ ತಗೀತಾನ. ಹೆಣ್ಣಾಳು ಎತ್ತ ಹೊಡಕೊಂಡ ಹೋದ್ಲು ಅಂತ ಹೇಳು."

ಬಾಗಿಲು ಹಾಕಲಿಲ್ಲ. ಕೆಂದ ಕುಂಟುತ್ತ ನಡೆದ. ಅವಳು ಹಗ್ಗ ಜಗ್ಗದೆ ಅವನ ಹೆಜ್ಜೆಗೆ ಹೆಜ್ಜೆ ಹಾಕಿದಳು.