ಅರಿಶಿನದ ಗೆರೆಯ ಮೇಲೆ ಕೈ ಇಟ್ಟವನಿಗೆ ಊಟವಿಲ್ಲ

ಈ ಜಗತ್ತಿನಲ್ಲಿ ಯಾವುದೂ ತನ್ನಷ್ಟಕ್ಕೆ ತಾನು ನಿಂತಿಲ್ಲ; ನಿಂತಿರುವ ಪ್ರತಿಯೊಂದನ್ನೂ ಕಣ್ಣಿಗೆ ಕಾಣದ ಶಕ್ತಿಯೊಂದು ಬುಡದಲ್ಲಿ ಹಿಡಿದುಕೊಂಡಿದೆ. ಈ ಮಾತನ್ನು ನಾನು ಕೇಳಿದ್ದು ಯಾವ ಮಠದಲ್ಲೂ ಅಲ್ಲ, ಕೊಯಮತ್ತೂರು ಪೀಳಮೇಡಿನ ಒಂದು ಮಹಡಿ ಮನೆಯಲ್ಲಿ. ಹೇಳಿದವರು ಗೋಡೆಗೆ ಒರಗಿಸಿದ ಏಣಿಯ ವಿಷಯ ಹೇಳುತ್ತಿದ್ದರು. ಆ ಶಕ್ತಿಗೆ ಪರೀಕ್ಷೆಯಲ್ಲಿ ಹದಿನಾರು ಮಾರ್ಕು ಇತ್ತು.

ವರದರಾಜ ಸಾರ್ ಒಂದು ಎಂಜಿನಿಯರಿಂಗ್ ಕಾಲೇಜಿನಿಂದ ನಿವೃತ್ತರಾದ ಮೇಲೆ, ಮೆಕ್ಯಾನಿಕ್ಸ್ ಪೇಪರಿನಲ್ಲಿ ಫೇಲಾಗಿ ಅರಿಯರ್ ಇಟ್ಟುಕೊಂಡವರಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದರು. ನಮ್ಮ ಕಡೆ ಅರಿಯರ್ ಎನ್ನುವುದು ಅವಮಾನವಲ್ಲ, ಒಂದು ಆಶ್ರಮ. ಬ್ರಹ್ಮಚರ್ಯಕ್ಕೂ ಗಾರ್ಹಸ್ಥ್ಯಕ್ಕೂ ನಡುವೆ ಬರುತ್ತದೆ. ಆ ಆಶ್ರಮದ ಕುಲಪತಿಗಳಾಗಿ ಅವರು ಲುಂಗಿ, ಕೈಯಿಲ್ಲದ ಬನಿಯನ್ ಮತ್ತು ಕಿವಿಯ ಮೇಲೊಂದು ಪೆನ್ಸಿಲಿನೊಡನೆ ಕುಳಿತಿರುತ್ತಿದ್ದರು. ಹುಡುಗರು ಬೆನ್ನ ಹಿಂದೆ ಅವರನ್ನು 'ಉರಾಯ್ವು ಸಾರ್' ಎನ್ನುತ್ತಿದ್ದರು. ಉರಾಯ್ವು ಎಂದರೆ ತಮಿಳಿನಲ್ಲಿ ಘರ್ಷಣೆ. ಅವರೂ ನಮ್ಮ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹತ್ತಿದ ಬಸ್ ಸ್ಟಾಪೇ ಹೆಸರು. "ಅನ್ನೂರು, ಎದ್ದು ನಿಲ್ಲು. ಆನೈಮಲೈ, ನಗಬೇಡ, ನಿನ್ನ ಸರದಿ ಬರುತ್ತೆ." ನಾನು ಸಿರುಮುಗೈ.

ಮೊದಲ ದಿನ ಬೋರ್ಡಿನ ಲೆಕ್ಕ ನೋಡಿ ನಾನು ಮೆಲ್ಲಗೆ "ಅಯ್ಯೋ ನನ್ನ ಕರ್ಮ" ಎಂದುಕೊಂಡೆ. ಅವರ ಕಿವಿ ನೆಟ್ಟಗಾಯಿತು. "ಡೇಯ್, ನೀನು ನಮ್ಮವನಾ? ಮನೇಲಿ ಕನ್ನಡವಾ?" ಎಂದರು. ಹೌದೆಂದೆ. ಅಂದಿನಿಂದ ನನಗೊಂದು ವಿಶೇಷ ಸವಲತ್ತು ಸಿಕ್ಕಿತು. ಉಳಿದವರಿಗೆ ತಮಿಳಿನಲ್ಲಿ ಪಾಠ, ತಮಿಳಿನಲ್ಲೇ ಬೈಗುಳ. ನನಗೆ ಪಾಠ ತಮಿಳಿನಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ. ಕನ್ನಡದ ಒಂದಕ್ಷರ ಓದಲು ಬಾರದ ಅವರು ಅದರಲ್ಲಿ ಬೈಯುವುದನ್ನು ತಮ್ಮಜ್ಜಿಯಿಂದ ಸಾಂಗವಾಗಿ ಕಲಿತಿದ್ದರು. "ಮಂಕುಮುಂಡೇದೆ" ಎಂಬ ಪದ ಆ ಊರಿನಲ್ಲಿ ಇಷ್ಟು ಶುದ್ಧವಾಗಿ ಉಳಿದಿರುವುದು ಕಂಡು ನನಗೆ ಹೆಮ್ಮೆಯಾಯಿತು.

ಅವರು ಕೇಳಿದ ಮೊದಲ ಪ್ರಶ್ನೆಗೆ ಬೋರ್ಡೂ ಬೇಕಿರಲಿಲ್ಲ. ಮೂಲೆಯ ಕಬ್ಬಿಣದ ಬೀರುವನ್ನು ತೋರಿಸಿ, "ಇದನ್ನ ಯಾರೂ ತಳ್ತಿಲ್ಲ. ಇದರ ಕಾಲಡಿ ಘರ್ಷಣೆ ಎಷ್ಟು?" ಎಂದರು. ನಾನು ಥಟ್ಟನೆ "ಮ್ಯೂ ಎನ್ ಸಾರ್" ಎಂದೆ. ಘರ್ಷಣೆಯ ಹೆಸರು ಕೇಳಿದ ಕೂಡಲೇ ನಾವೆಲ್ಲ ಜಪಿಸುತ್ತಿದ್ದ ಮಂತ್ರವದು. ಮ್ಯೂ ಎಂದರೆ ಎರಡು ಮೇಲ್ಮೈಗಳ ನಡುವಿನ ಹಿಡಿತದ ಅಂಕಿ, ಎನ್ ಎಂದರೆ ಅವು ಒಂದನ್ನೊಂದು ಒತ್ತುವ ಬಲ. ಅವೆರಡರ ಗುಣಲಬ್ಧ ವಾಸ್ತವದಲ್ಲಿ ಘರ್ಷಣೆ ತಡೆಯಬಲ್ಲ ಕಟ್ಟಕಡೆಯ ಮಿತಿ ಮಾತ್ರ.

ಸಾರ್ ಬೀರುವಿನ ಕಡೆ ಗಾಬರಿಯಿಂದ ನೋಡಿದರು. "ಯಾರೂ ತಳ್ತಿಲ್ಲ, ನೆಲ ಮಾತ್ರ ಪೂರ್ತಿ ಜೋರಲ್ಲಿ ತಳ್ತಿದೆ ಅಂತೀಯ. ಹಂಗಾದ್ರೆ ಈ ಬೀರು ಇಷ್ಟೊತ್ತಿಗೆ ಉಕ್ಕಡಂ ಬಸ್ ಸ್ಟ್ಯಾಂಡ್ ಸೇರಬೇಕಿತ್ತಲ್ಲ! ಕಮಲಾ, ನಿನ್ನ ಪಟ್ಟುಸೀರೆ ಎಲ್ಲಾ ಅದರೊಳಗೇ ಇತ್ತೇನೆ?"

ಒಳಗಿನಿಂದ ಅವರ ಹೆಂಡತಿ ಕಮಲಕ್ಕನ ದನಿ ಬಂತು: "ಇದ್ದಿದ್ದು ಒಂದೇ. ಅದೂ ನಮ್ಮಪ್ಪ ತೆಗ್ಸಿದ್ದು."

ಅವರ ಪದ್ಧತಿಯಲ್ಲಿ ಲೆಕ್ಕದ ಚಿತ್ರದಲ್ಲಿ ಬಲಗಳನ್ನು ತೋರಿಸುವ ಎಲ್ಲ ಬಾಣಗಳಿಗೂ ಪೆನ್ನು, ಘರ್ಷಣೆಯ ಬಾಣಕ್ಕೆ ಮಾತ್ರ ಪೆನ್ಸಿಲು. ಯಾಕೆಂದು ಕೇಳಿದರೆ, "ಬಾಕಿಯವರೆಲ್ಲ ಯಾರು ಏನು ಅಂತ ಮೊದಲೇ ಗೊತ್ತು. ಇವನು ಮಾತ್ರ ಎದುರಿನವನ ಮುಖ ನೋಡಿ ಉತ್ತರ ಹೇಳೋನು. ಮೊದಲು ಏನೂ ಜಾರಲ್ಲ ಅಂತ ನಂಬು. ನಿಲ್ಲೋಕೆ ಎಷ್ಟು ಬೇಕು ನೋಡು. ಅಷ್ಟು ಇವನ ಕೈಲಿ ಆಗುತ್ತಾ ಕೇಳು. ಆಗಲ್ಲ ಅಂದ್ರೆ ಆಗ ಮ್ಯೂ ಎನ್ ಬರಿ. ಬಂದ ಕೂಡಲೇ ಮ್ಯೂ ಎನ್ ಬರಿಯೋದು, ಮದುವೆ ಮನೆಗೆ ಹೋಗಿ ಚಪ್ಪಲಿ ಬಿಡೋಕೆ ಮುಂಚೆ ಪಂಕ್ತೀಲಿ ಕೂತ ಹಂಗೆ" ಎನ್ನುತ್ತಿದ್ದರು. ಘರ್ಷಣೆಯ ಬಾಣವನ್ನು ಪೆನ್ನಿನಲ್ಲಿ ಹಾಕಿದವರಿಗೆ ಕಮಲಕ್ಕನ ಕಾಫಿ ಇಲ್ಲ. ಪರೀಕ್ಷೆಯ ಭಯಕ್ಕಿಂತ ಆ ಕಾಫಿಯ ಆಸೆಗೇ ಅರ್ಧ ಜಿಲ್ಲೆ ಪಾಸಾಯಿತೆಂಬುದು ನನ್ನ ಖಚಿತ ಅಭಿಪ್ರಾಯ. ನಾನೂ ಪಾಸಾದೆ.

ಹಾಗೆಂದು ಈ ವಿದ್ಯೆ ಅವರ ಮನೆಗೆ ಉಪಯೋಗವಾಗುತ್ತಿತ್ತೆಂದು ಯಾರೂ ಭಾವಿಸಬಾರದು. ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿಯಾದಾಗ ಅವರು ಅದನ್ನು ತಿರುಗಿಸಿ ನೋಡಿ, ಯಾವ ಮೇಲ್ಮೈ ಯಾವುದನ್ನು ಹಿಡಿದಿದೆ ಎಂದು ವಿವರಿಸುತ್ತಿರುವಷ್ಟರಲ್ಲಿ ಕಮಲಕ್ಕ ಅದನ್ನು ಕಿತ್ತುಕೊಂಡು ಸೆರಗಿನಲ್ಲಿ ಹಿಡಿದು ತೆಗೆದುಬಿಡುತ್ತಿದ್ದರು. "ಇವರಿಗೆ ಎಲ್ಲಾ ಗೊತ್ತು ಕಣ್ಣು, ಮೂಡಿ ತೆಗೆಯೋದೊಂದು ಬಿಟ್ಟು" ಎಂದು ನನಗೆ ಹೇಳುವರು. ಅವರ ಮಾತಿನಲ್ಲಿ ಮುದ್ದಿನ ಹುಡುಗನಿಗೆ ಕಣ್ಣು, ಮುಚ್ಚಳಕ್ಕೆ ಮೂಡಿ. ಸಾರ್ ಸೋಲೊಪ್ಪುತ್ತಿರಲಿಲ್ಲ. "ಸೆರಗು ಹಾಕಿದ್ರಿಂದ ಮ್ಯೂ ಜಾಸ್ತಿ ಆಯ್ತು. ನಾನು ಅದನ್ನೇ ಹೇಳೋಕೆ ಬರ್ತಿದ್ದೆ."

ನನ್ನ ತಂಗಿ ವಸಂತಳ ಮದುವೆ ಆಡಿ, ಅಂದರೆ ಆಷಾಢ, ಕಳೆದು ಬರುವ ಆವಣಿ ತಿಂಗಳಲ್ಲೆಂದು ನಿಶ್ಚಯವಾದದ್ದು ಇದಾದ ಕೆಲವು ವರ್ಷಗಳಿಗೆ. ನಮ್ಮಪ್ಪ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವವನು. ಜೀವಮಾನವೆಲ್ಲ ಊರವರ ಹೆಣ್ಣುಮಕ್ಕಳ ಮುಹೂರ್ತದ ಸೀರೆಗಳು ಅವನ ಮಗ್ಗದಿಂದ ಇಳಿದು ಅಂಗಡಿಗೆ ಹೋಗಿದ್ದವು. ಒಂದೂ ಮನೆಯಲ್ಲಿ ಉಳಿದಿರಲಿಲ್ಲ. ಈ ಸಲ ಮಗಳಿಗೆಂದು ತಾನೇ ಬಣ್ಣ ಆರಿಸಿ, ಮಾವಿನಕಾಯಿ ಅಂಚಿನ ಸೀರೆಯೊಂದನ್ನು ಹೂಡಿದ್ದ. ಸೀರೆ ಅರ್ಧ ಆಗಿತ್ತು. ಅಷ್ಟರಲ್ಲಿ ಪಕ್ಕದ ಮನೆಯವರು ಹೊಸ ಮನೆಗೆ ಪಾಯ ತೋಡಿದರು, ನಮ್ಮ ಮಗ್ಗದ ಹಿಂದಿನ ಗೋಡೆ ಬಿರುಕುಬಿಟ್ಟಿತು. ಆಡಿ ತಿಂಗಳ ಗಾಳಿ ಗೊತ್ತಲ್ಲ, ಪಾಲಕ್ಕಾಡಿನ ಕಡೆಯಿಂದ ಬಂದರೆ ತೆಂಗಿನಮರವನ್ನೇ ಬಗ್ಗಿಸಿ ಮಾತಾಡಿಸುತ್ತದೆ. ಮೇಸ್ತ್ರಿ ಬಂದು ನೋಡಿ, ಗೋಡೆಯನ್ನು ನಾಳೆಯೇ ಕೆಡವಬೇಕು, ಇಲ್ಲವಾದರೆ ಅದೇ ಮಗ್ಗದ ಮೇಲೆ ಬೀಳುತ್ತದೆ ಎಂದ.

ಮಗ್ಗವನ್ನು ಬಿಚ್ಚಿದರೆ ಉದ್ದಕ್ಕೆ ಬಿಗಿದ ಹಾಸಿನ ನೂಲೆಲ್ಲ ಸಡಿಲವಾಗಿ ಸೀರೆ ಹೋದಂತೆ. ಮಗ್ಗದ ತಲೆಯ ಮೇಲೆ ಕೂತ, ಚಿತ್ತಾರ ಮೂಡಿಸುವ ಜಕಾರ್ಡ್ ಪೆಟ್ಟಿಗೆಯಿಂದ ಇಳಿಬಿದ್ದ ದಾರಗಳನ್ನು ಮತ್ತೆ ಕಟ್ಟುವ ಹೊತ್ತಿಗೆ ವಸಂತಳಿಗೆ ಮಗುವೇ ಆಗಿರುತ್ತದೆ. ಬಿಚ್ಚದೆ ಇಡಿಯಾಗಿ ಹಜಾರದ ಆಚೆ ತುದಿಗೆ ಸರಿಸಬೇಕು. ಮಗ್ಗ ನಮ್ಮ ಸೋದರಮಾವನಿಗಿಂತ ಎತ್ತರ, ಮಾವನಂತೆಯೇ ತಲೆಭಾರ.

ಆ ಮಾವನೇ ಮುಂದಾಳಾಗಿ ಗಂಡಸರನ್ನು ಸೇರಿಸಿ, ಹೆಗಲೆತ್ತರದಲ್ಲಿ ಕೈಯಿಟ್ಟು "ಏಲೇಲೋ" ಎಂದ. ಮಗ್ಗ ಜಾರಲಿಲ್ಲ, ಅವರ ಕಡೆಯ ಎರಡು ಕಾಲನ್ನು ನೆಲದಿಂದ ಮೇಲಕ್ಕೆತ್ತಿತು. ಅಮ್ಮ ಕಿರುಚಿದಳು. ಎಲ್ಲರೂ ಬಿಟ್ಟರು. ಕಾಲು ಧೊಪ್ಪೆಂದು ಕೂತಿತು, ಒಂದೆರಡು ಎಳೆ ಟಕ್ಕೆಂದು ಹರಿದ ಸದ್ದು ಅಪ್ಪನಿಗೆ ಮಾತ್ರ ಕೇಳಿಸಿತು. ಅವನು ಗೋಡೆ ಕಡೆ ತಿರುಗಿ ನಿಂತ. "ಅಂಗಡೀಲಿ ಒಂದು ತೆಗೆದ್ರಾಯ್ತು ಭಾವ, ಬಿಡುಂಗ" ಎಂದ ಮಾವ. ಅಪ್ಪ ತಿರುಗದೆಯೇ ಹೇಳಿದ: "ಊರಿಗೆಲ್ಲಾ ನಾನು ನೆಯ್ದೆ. ನನ್ ಮಗ್ಳಿಗೆ ಅಂಗಡೀದಾ?"

ನಾನು ಸಾರ್‌ಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ: "ಕಾಲು ಎದ್ದಿತಾ, ಜಾರಿತಾ?" ಎದ್ದಿತು ಎಂದೆ. "ಮುಟ್ಟಬೇಡಿ, ಬಂದೆ" ಎಂದರು. ಮಧ್ಯಾಹ್ನದ ಬಸ್ಸಿಗೆ ಇಳಿದರು. ಕೈಯಲ್ಲಿ ಕೊಡೆ, ಕಿವಿಯ ಮೇಲೆ ಪೆನ್ಸಿಲು.

ಬಂದವರು ಮಗ್ಗದ ಕಡೆ ಹೋಗದೆ ಹಿತ್ತಲಿಗೆ ಹೋದರು. ಅಲ್ಲಿ ಬಿದ್ದಿದ್ದ, ಹಜಾರದ ನೆಲದಂಥದೇ ಸಿಮೆಂಟು ಹಲಗೆಯೊಂದರ ಮೇಲೆ ಹಳೆಯ ಮಗ್ಗದ ಕಾಲಿನ ತುಂಡನ್ನಿಟ್ಟು ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತಾ ಹೋದರು. ತುಂಡು ಜಾರಿದ ಕ್ಷಣ "ನಿಲ್ಲು!" ಎಂದು ತಮಗೆ ತಾವೇ ಆಜ್ಞಾಪಿಸಿಕೊಂಡು, ಸೀರೆ ಅಳೆಯುವ ಟೇಪಿನಿಂದ ಹಲಗೆಯ ಎತ್ತರ, ನೆಲದ ಮೇಲಿನ ದೂರ ಅಳೆದು ಭಾಗಿಸಿದರು. ಮ್ಯೂ ಸಿಕ್ಕಿತು. ಆಮೇಲೆ ಮಗ್ಗದ ಎರಡು ಕಾಲುಗಳ ನಡುವಿನ ಅಗಲ ಅಳೆದರು. ಮಾವ ಬೀಡಿ ಹಚ್ಚಿ, "ಸಾರ್ ಮರಕ್ಕೆ ಜಾತಕ ಬರೀತಾವ್ರೆ" ಎಂದ.

"ತಲೆಭಾರ ಅಂತ ಎಲ್ಲಾ ಮೇಲೇ ನೋಡ್ತೀರಿ" ಎಂದರು ಸಾರ್. "ಮೆಲ್ಲಗೆ ತಳ್ಳೋವಾಗ ಮುಖ್ಯ ನೀವು ಕೈ ಇಡೋ ಎತ್ತರ. ಮೇಲೆ ತಳ್ಳಿದ್ರೆ ಜಾರೋಕೆ ಮುಂಚೆ ಮಗುಚುತ್ತೆ. ಕೆಳಗೆ ತಳ್ಳಿದ್ರೆ ಮಗುಚೋಕೆ ಮುಂಚೆ ಜಾರುತ್ತೆ. ಅಮ್ಮಾ, ಸ್ವಲ್ಪ ಅರಿಶಿನ ಕೊಡಿ." ಮಗ್ಗದ ಕಾಲುಗಳ ಮೇಲೆ, ಮೊಣಕಾಲಿಗಿಂತ ಸ್ವಲ್ಪ ಮೇಲಕ್ಕೆ ಅರಿಶಿನದ ಗೆರೆ ಎಳೆದು, ಎಲ್ಲರಿಗೂ ಕೇಳುವಂತೆ ಸಾರಿದರು: "ಈ ಗೆರೆ ಮೇಲೆ ಕೈ ಇಟ್ಟವನಿಗೆ ಊಟ ಇಲ್ಲ."

ಅರಿಶಿನ ಕಂಡ ಅಮ್ಮನಿಗೆ ಶಾಸ್ತ್ರ ನೆನಪಾಯಿತು. ಮಗ್ಗವೆಂದರೆ ನಮ್ಮಲ್ಲಿ ಮನೆದೇವರ ಜತೆಯದು. ಹೇಳದೆ ಕೇಳದೆ ಎಬ್ಬಿಸುವಂತಿಲ್ಲ. ಹಜಾರದ ಕೆಂಪು ನೆಲವನ್ನು ತೊಳೆದು, ಕರ್ಪೂರ ಹಚ್ಚಿ, ಮಗ್ಗದ ಬುಡದಲ್ಲೇ ತೆಂಗಿನಕಾಯಿ ಒಡೆದಳು. ಸಾರ್ ಭಕ್ತಿಯಿಂದ ಕೆನ್ನೆ ಬಡಿದುಕೊಂಡರು. ಮತ್ತೆ ಕೈ ಎತ್ತಿ "ರೆಡಿ, ತಳ್ಳಿ!" ಎಂದರು.

ಗಂಡಸರೆಲ್ಲ ಗೆರೆಯ ಕೆಳಗೆ ಬಗ್ಗಿ ಮನಸಾರೆ ತಳ್ಳಿದರು. ಮಗ್ಗ ಇದ್ದಲ್ಲೇ ಇತ್ತು. ತಳ್ಳುವವರು ಹಿಂದಕ್ಕೆ ಹೋದರು. ಒದ್ದೆ ನೆಲದಲ್ಲಿ ಕಾಯಿನೀರು, ಕಾಯಿನೀರಿನಲ್ಲಿ ಕಾಲು. ಮಾವ ಮೊದಲು ಬಿದ್ದ, ಮಿಕ್ಕವರು ವಯಸ್ಸಿನ ಕ್ರಮದಲ್ಲಿ ಅವನ ಮೇಲೆ ಬಿದ್ದರು.

ಮಾವ ಕೆಳಗಿನಿಂದಲೇ, "ಏನುಂಗ ಸಾರ್, ಗೆರೆ ಮೇಲೆ ಯಾರೂ ಕೈ ಇಡ್ಲಿಲ್ವೇ!" ಎಂದ.

ಸಾರ್ ಮುಖ ನೋಡಬೇಕಿತ್ತು. ಅವಮಾನವಾದವನ ಮುಖವಲ್ಲ ಅದು, ಕಳೆದುಹೋದ ಕನ್ನಡಕ ಮೂಗಿನ ಮೇಲೇ ಸಿಕ್ಕಿದವನ ಮುಖ. "ಮಂಕುಮುಂಡೇದೆ!" ಎಂದು ತಮ್ಮ ಹಣೆಯನ್ನೇ ಬಡಿದುಕೊಂಡರು. "ಮಗ್ಗದ ಚಿತ್ರ ಬರೆದೆ, ಮನುಷ್ಯರ ಚಿತ್ರ ಬಿಟ್ಟೆ. ತಳ್ಳೋನ ಕಾಲಿಗೂ ನೆಲ ಹಿಡೀಬೇಕಲ್ಲ. ಡೇಯ್ ಸಿರುಮುಗೈ, ನೀನಾದ್ರೂ ಹೇಳಬಾರದಿತ್ತಾ? ಇದೇ ನಿನ್ನ ಪೇಪರಲ್ಲಿ ಇದ್ದಿದ್ರೆ ಕಾಫಿ ಕಟ್ ಮಾಡ್ತಿದ್ದೆ. ಅಮ್ಮಾ, ಈವತ್ತು ನನಗೆ ಕಾಫಿ ಬೇಡ."

ಅಮ್ಮ ಹಳೆಯ ಪಂಚೆಗಳನ್ನು ತಂದಳು. ನೆಲ ಒರೆಸಿದ್ದಾಯಿತು, ಕಾಲು ಒರೆಸಿದ್ದಾಯಿತು, ತಳ್ಳುವವರು ನಿಲ್ಲುವ ಕಡೆ ಒಲೆಯ ಬೂದಿ ಉದುರಿಸಿದ್ದಾಯಿತು. ಸಾರ್ ಈಗ ಅಪ್ಪನನ್ನು ಕರೆದು ಮಗ್ಗದ ಪಕ್ಕದಲ್ಲಿ ನಿಲ್ಲಿಸಿದರು. "ಹೊರಡೋವರೆಗೂ ಹಟ ಮಾಡುತ್ತೆ, ಹೊರಟ ಮೇಲೆ ಸಲೀಸು. ಆ ಗಳಿಗೇಲಿ ಕೈ ಸಡಿಲ ಮಾಡ್ಲಿಲ್ಲ ಅಂದ್ರೆ ಎಗರುತ್ತೆ, ನೂಲು ಹರಿಯುತ್ತೆ. ಅಲ್ಲಾಡಿದ್ದು ಮೊದಲು ನಿಮಗೇ ಗೊತ್ತಾಗೋದು. ನೀವು ಹೇಳಿ, ಇವರು ಕೇಳ್ತಾರೆ."

ಅಪ್ಪ ಹಾಸಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. "ಸರೀಂಗ" ಎಂದ. ಗಂಡಸರು ಒತ್ತಿದರು. ಏನೂ ಆಗಲಿಲ್ಲ. ಇನ್ನೂ ಒತ್ತಿದರು. ಅಪ್ಪ ಸಣ್ಣಗೆ "ಮೆಲ್ಲ" ಎಂದ. ನಮಗ್ಯಾರಿಗೂ ಏನೂ ಕಂಡಿರಲಿಲ್ಲ. ಮಗ್ಗ ಕರ್ರೆಂದು ಒಂದು ಗೇಣು ಸರಿಯಿತು. ಮತ್ತೆ ಒತ್ತು, ಮತ್ತೆ "ಮೆಲ್ಲ". ಹೀಗೆ ಗೇಣು ಗೇಣಾಗಿ ಅದು ಹಜಾರ ದಾಟುವವರೆಗೆ ನಮ್ಮ ಮನೆಯಲ್ಲಿ ಆ ಒಂದೇ ಮಾತು. ಸಾರ್ ಮಾತ್ರ ನೆಲದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಮಗ್ಗದ ಕಾಲು ನೆಲ ಬಿಡುತ್ತದೋ ಎಂದು ಕೊನೆಯವರೆಗೂ ನೋಡುತ್ತ ತೆವಳಿದರು. ಅವರ ಬಿಳಿ ಷರ್ಟು ನಮ್ಮ ಒಲೆಯ ಬೂದಿಯನ್ನೆಲ್ಲ ತೆಗೆದುಕೊಂಡಿತು.

ಊಟಕ್ಕೆ ಕೂತಾಗ ಅಪ್ಪ ಕೇಳಿದ: "ಸಾರ್, ನೀವು ಬರದೇ ಇದ್ದಿದ್ರೆ ಮಗ್ಗ ಬೀಳ್ತಿತ್ತಾ?"

ನಾನಾಗಿದ್ದರೆ ಹೌದು ಎನ್ನುತ್ತಿದ್ದೆ. ಸಾರ್ ರಸಂ ಕಲಸುವುದನ್ನು ನಿಲ್ಲಿಸಿ ಯೋಚಿಸಿದರು. "ಬೀಳ್ದೇನೂ ಇರಬಹುದಿತ್ತು. ಆದ್ರೆ ಯಾಕೆ ಬೀಳ್ಲಿಲ್ಲ ಅಂತ ಗೊತ್ತಾಗ್ತಿರಲಿಲ್ಲ. ಅಷ್ಟೇ ವ್ಯತ್ಯಾಸ." ಅಪ್ಪ ತಾನೇ ಎದ್ದುಹೋಗಿ ಅವರ ಎಲೆಗೆ ಇನ್ನೊಂದು ಸೌಟು ತುಪ್ಪ ಹಾಕಿದ. ಅವನು ಯಾರಿಗಾದರೂ ಬಡಿಸಿದ್ದನ್ನು ನಾನು ಕಂಡದ್ದು ಆ ಒಂದು ಸಲ.

ಸಂಜೆ ಬಸ್ಸು ಹತ್ತಿಸಲು ಹೋದೆ. "ಮುಹೂರ್ತಕ್ಕೆ ಬರಬೇಕು ಸಾರ್" ಎಂದೆ. "ಬರ್ತೀನಿ, ಕಮಲಾನೂ ಕರ್ಕೊಂಡು. ನಿಮ್ಮ ಮಾವನ ಸೊಂಟಕ್ಕೆ ಎಣ್ಣೆ ಹಚ್ಚೋಕೆ ಹೇಳು" ಎಂದರು. ಬಸ್ಸು ಜಗ್ಗನೆ ಹೊರಟಿತು, ಸಾರ್ ಕಾಲು ತಪ್ಪಿ ಒಬ್ಬ ಹೂವಿನವಳ ಬುಟ್ಟಿಯ ಮೇಲೆ ಕೂತರು. ಅವಳು ಬೈಯುತ್ತಿದ್ದುದು ಕಿಟಕಿಯಿಂದ ಕೇಳಿಸಿತು. ಬಸ್ಸು ತಿರುವು ದಾಟುವಾಗ ಅವರು ಅವಳಿಗೆ, ಕೈ ಬೀಸಿ ಬೀಸಿ, ತಾವು ಬಿದ್ದದ್ದೇಕೆಂದು ವಿವರಿಸುತ್ತಿದ್ದರು. ನಾನು ಸಾರ್ ಅವರನ್ನು ಕಂಡದ್ದು ಅದೇ ಕೊನೆ.

ಆಡಿ ಮುಗಿಯುವ ಮೊದಲೇ ಒಂದು ಬೆಳಗ್ಗೆ ಕಮಲಕ್ಕ ಫೋನ್ ಮಾಡಿದರು. ಸಾರ್ ಎದೆನೋವು ಎಂದರಂತೆ, ಆಸ್ಪತ್ರೆಗೆ ಒಯ್ಯಲು ಆಟೋ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರಂತೆ. ಅಪ್ಪನೂ ನಾನೂ ಪೀಳಮೇಡಿಗೆ ಹೋದೆವು. ಅನ್ನೂರು, ಆನೈಮಲೈ, ಅವಿನಾಶಿ, ಎಲ್ಲ ಸ್ಟಾಪುಗಳೂ ಬಂದು ಮೆಟ್ಟಿಲ ಮೇಲೆ ನಿಂತಿದ್ದವು. ಅಪ್ಪ ವಾಪಸು ಬಂದು, ಸ್ನಾನ ಮಾಡಿ, ಮಗ್ಗದಲ್ಲಿ ಕೂತ.

ಸೀರೆ ಮದುವೆಗೆ ಎರಡು ದಿನ ಮೊದಲು ಮಗ್ಗದಿಂದ ಇಳಿಯಿತು. ಮುಹೂರ್ತಕ್ಕೆ ವಸಂತ ಅದನ್ನೇ ಉಟ್ಟಳು.